ಒಳಗಿರುವವರಿಗೆ ಪೆಟ್ಟು ಬೀಳದ ಹಾಗೆ: ಬೈಲಕುಪ್ಪೆಯಿಂದ ನಾವು ನಡೆಸುವ ಹೋರಾಟ

ಬೈಲಕುಪ್ಪೆಗೆ ಬಂದವರು ಗೋಲ್ಡನ್ ಟೆಂಪಲ್ ನೋಡುತ್ತಾರೆ, ಮೋಮೊ ತಿನ್ನುತ್ತಾರೆ, ನಾಲ್ಕು ಫೋಟೊ ತೆಗೆದುಕೊಂಡು ಮಡಿಕೇರಿ ಕಡೆ ಹೊರಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಗುಡಿಯಿಂದ ಸ್ವಲ್ಪ ದೂರದಲ್ಲಿ, ಜೋಳದ ಹೊಲಗಳ ನಡುವಿನ ಕ್ಯಾಂಪ್‌ಗಳಲ್ಲಿ, ಅರವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇನ್ನೊಂದು ಕೆಲಸ ನಡೆದಿದೆ. ನಮ್ಮ ನಾಡಾದ ಟಿಬೆಟ್‌ನಲ್ಲಿ ಜನರ ಮಾತಿಗೆ ಬೆಲೆ ಬರಬೇಕು ಅಂತ ನಾಡಿನ ಹೊರಗೆ ಕೂತು ಮಾಡುವ ಕೆಲಸ ಅದು. ಕಾಲೇಜಿನ ದಿನಗಳಿಂದ ನಾನೂ ಅದರಲ್ಲಿದ್ದೇನೆ. ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ, "ನೀವು ವರ್ಷಕ್ಕೊಮ್ಮೆ ಬಾವುಟ ಹಿಡಿದು ಮೆರವಣಿಗೆ ಹೋಗೋದು ಗೊತ್ತು. ಉಳಿದ ದಿನ ಏನು ಮಾಡ್ತೀರಿ?" ಆ ಉಳಿದ ದಿನಗಳ ಬಗ್ಗೆಯೇ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಇಲ್ಲೇ. ಕನ್ನಡ ಕಲಿತದ್ದು ಮೊದಲು ಕುಶಾಲನಗರದ ಸಂತೆಯಲ್ಲಿ, ಅಮಾಲಾ, ಅಂದರೆ ಅಮ್ಮನ ಜೊತೆ ತರಕಾರಿ ತರುವಾಗ. ಆಮೇಲೆ ಮೈಸೂರಿನ ಹಾಸ್ಟೆಲ್‌ನಲ್ಲಿ. ನನ್ನ ಹೆಸರು ಇಲ್ಲಿ ಬರೆಯುವುದಿಲ್ಲ. ಯಾಕೆ ಅನ್ನುವುದು ಮುಂದೆ ಓದಿದರೆ ತಿಳಿಯುತ್ತದೆ.

ಹಿಂದಿನ ಕಥೆ ಬೇಗ ಹೇಳಿಬಿಡುತ್ತೇನೆ. 1950ರಲ್ಲಿ ಚೀನಾದ ಸೈನ್ಯ ಟಿಬೆಟ್‌ಗೆ ನುಗ್ಗಿತು. 1959ರ ಮಾರ್ಚ್ 10ರಂದು ಲ್ಹಾಸಾದ ಜನ ಎದ್ದು ನಿಂತರು. ಗುಂಡು ಹಾರಿಸಿ ಅವರನ್ನು ಅಡಗಿಸಿದರು. ಆ ತಿಂಗಳ ಕೊನೆಯಲ್ಲಿ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. 1960ರಲ್ಲಿ ಆಗಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡು ಜಾಗ ಕೊಟ್ಟಿತು. ಎಸ್. ನಿಜಲಿಂಗಪ್ಪನವರ ಹೆಸರೆತ್ತಿದರೆ ನಮ್ಮ ಹಿರಿಯರು ಇವತ್ತಿಗೂ ಕೈ ಮುಗಿಯುತ್ತಾರೆ. ಪೋಪೋಲಾ, ಅಂದರೆ ನನ್ನ ಅಜ್ಜ, ಮರ ಕಡಿದು, ಆನೆ ಓಡಿಸಿ, ಜೋಳ ಬಿತ್ತಿದ ಮೊದಲಿನವರಲ್ಲಿ ಒಬ್ಬರು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ನಮ್ಮವರ ನೆಲೆಗಳಾದವು.

ನಾವು ಕೇಳುವುದು ಏನು? ದಲೈ ಲಾಮಾ ಅವರು ಹೇಳುವ ಮಧ್ಯಮ ಮಾರ್ಗದ ಪ್ರಕಾರ, ಬೇರೆ ದೇಶ ಬೇಡ, ಚೀನಾದ ಒಳಗೇ ನಿಜವಾದ ಸ್ವಾಯತ್ತತೆ ಕೊಡಿ. ಚೀನಾದ ಸಂವಿಧಾನದಲ್ಲೂ 1984ರ ಸ್ವಾಯತ್ತತೆ ಕಾನೂನಿನಲ್ಲೂ ಭಾಷೆ, ಧರ್ಮ, ಸ್ಥಳೀಯ ಆಡಳಿತದ ಬಗ್ಗೆ ಅವರೇ ಬರೆದುಕೊಂಡಿದ್ದಾರೆ. ಅದನ್ನೇ ಜಾರಿ ಮಾಡಿ ಅನ್ನುತ್ತೇವೆ. 2002ರಿಂದ 2010ರವರೆಗೆ ನಮ್ಮ ಪ್ರತಿನಿಧಿಗಳು ಬೀಜಿಂಗ್ ಜೊತೆ 9 ಸುತ್ತು ಮಾತಾಡಿದರು. 2008ರಲ್ಲಿ ಎಲ್ಲವನ್ನೂ ಬರಹದಲ್ಲಿ ಕೊಟ್ಟರು. ಫಲ ಸಿಗಲಿಲ್ಲ. ನಮ್ಮಲ್ಲಿ ಇನ್ನೊಂದು ನಿಲುವೂ ಇದೆ. ಪೂರ್ತಿ ಸ್ವಾತಂತ್ರ್ಯವೇ ಬೇಕು, ಅಂದರೆ ರಂಗ್‌ಜೆನ್. ನನ್ನ ಅಣ್ಣ ರಂಗ್‌ಜೆನ್ ಪಕ್ಷ, ನಾನು ಮಧ್ಯಮ ಮಾರ್ಗ. ಊಟದ ಹೊತ್ತಿನಲ್ಲಿ ಜೋರು ವಾದ ಆಗುತ್ತದೆ. ಆಮೇಲೆ ಇಬ್ಬರೂ ಒಂದೇ ಕೆಲಸಕ್ಕೆ ಹೊರಡುತ್ತೇವೆ. ಯಾಕೆಂದರೆ ದಾರಿ ಯಾವುದೇ ಆಗಲಿ, ದಿನದ ಕೆಲಸ ಇಬ್ಬರಿಗೂ ಒಂದೇ.

ಆ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಒಳಗಿನ ಸುದ್ದಿ.

ಟಿಬೆಟ್ ಒಳಗೆ ಏನಾಗುತ್ತಿದೆ ಅಂತ ಜಗತ್ತಿಗೆ ಗೊತ್ತಾಗುವುದು ಬಹಳ ಕಡಿಮೆ. ವಿದೇಶಿ ಪತ್ರಕರ್ತರು ಸರ್ಕಾರದ ಅನುಮತಿ ಇಲ್ಲದೆ ಅಲ್ಲಿಗೆ ಹೋಗುವ ಹಾಗಿಲ್ಲ. 2008ಕ್ಕೂ ಮುಂಚೆ ವರ್ಷಕ್ಕೆ 2ರಿಂದ 3 ಸಾವಿರ ಜನ ಹಿಮಾಲಯ ದಾಟಿ ಬರುತ್ತಿದ್ದರು. ಬಂದವರು ಸುದ್ದಿ ತರುತ್ತಿದ್ದರು. ಆ ವರ್ಷ ಟಿಬೆಟ್ ತುಂಬ ಪ್ರತಿಭಟನೆ ನಡೆದ ಮೇಲೆ ಗಡಿ ಬಿಗಿಯಾಯಿತು. ಈಗ ಬರುವವರು ಬೆರಳೆಣಿಕೆಯಷ್ಟು. ಹಾಗಾಗಿ ಉಳಿದದ್ದು ಫೋನ್. ಫೋನ್ ಅಂದರೆ ವೀಚಾಟ್, ಚೀನಾದ ಮೆಸೇಜ್ ಆ್ಯಪ್. ವಾಟ್ಸ್ಆ್ಯಪ್‌ನಂಥ ಹೊರದೇಶದ ಆ್ಯಪ್ ಅಲ್ಲಿ ನಡೆಯುವುದಿಲ್ಲ. ವೀಚಾಟ್‌ನಲ್ಲಿ ಆಡಿದ ಮಾತು ಅಲ್ಲಿನ ಪೊಲೀಸರ ಕಿವಿಗೂ ಬೀಳುತ್ತದೆ ಅಂತಲೇ ಎಲ್ಲರೂ ಅಂದುಕೊಂಡು ಮಾತಾಡುತ್ತಾರೆ. 2020ರ ಜೂನ್‌ನಲ್ಲಿ ಭಾರತ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ಅದೂ ಹೋಯಿತು. ಗಡಿಯಲ್ಲಿ ನಮ್ಮ ಸೈನಿಕರು ಪ್ರಾಣ ಕೊಟ್ಟಿದ್ದ ಸಮಯ, ನಿರ್ಧಾರಕ್ಕೆ ಕಾರಣ ಇತ್ತು. ಆದರೆ ಇಲ್ಲಿನ ಎಷ್ಟೋ ತಾಯಂದಿರಿಗೆ ಅಲ್ಲಿನ ಮಕ್ಕಳ ದನಿ ಆ ದಿನದಿಂದ ಕೇಳಿಸಿಲ್ಲ.

ಹೇಗೋ ಮನೆಯವರ ಜೊತೆ ಮಾತು ಸಿಕ್ಕಿದರೆ ಏನು ಕೇಳಬಾರದು ಅನ್ನುವುದನ್ನು ನಾವು ಕ್ಯಾಂಪ್‌ಗಳಲ್ಲಿ ಕೂತು ಹೇಳಿಕೊಡುತ್ತೇವೆ. ದಲೈ ಲಾಮಾ ಹೆಸರು ಎತ್ತಬೇಡಿ. ಪಕ್ಕದ ಮನೆಯವರನ್ನು ಯಾಕೆ ಕರೆದುಕೊಂಡು ಹೋದರು ಅಂತ ಕೇಳಬೇಡಿ. ಇಲ್ಲಿನ ಮೆರವಣಿಗೆಯ ಫೋಟೊ ಕಳಿಸಬೇಡಿ. ಹವಾಮಾನ ಕೇಳಿ, ಯಾಕ್ ಕರು ಹಾಕಿತಾ ಕೇಳಿ, ಮಂಡಿನೋವು ಹೇಗಿದೆ ಕೇಳಿ. ಅವರಾಗಿಯೇ ಏನಾದರೂ ಹೇಳಿದರೆ ಸುಮ್ನೆ ಕೇಳಿಸಿಕೊಳ್ಳಿ, ಮರುಪ್ರಶ್ನೆ ಹಾಕಬೇಡಿ. ನಮ್ಮ ಸಂಬಂಧಿಕರೊಬ್ಬರನ್ನು ಹೊರದೇಶಕ್ಕೆ ಕರೆ ಮಾಡಿದ್ದಕ್ಕೆ ಠಾಣೆಗೆ ಕರೆಸಿ ಕೂರಿಸಿದ್ದರು. ಆಮೇಲೆ ಅವರೇ ನಮ್ಮ ನಂಬರ್ ಅಳಿಸಿಬಿಟ್ಟರು. ಅವರ ಊರು ಯಾವುದು, ನನಗೆ ಏನಾಗಬೇಕು ಅಂತ ಇಲ್ಲಿ ಹೇಳುವ ಹಾಗಿಲ್ಲ. ನಾನು ಹೆಸರು ಬರೆಯದಿರುವುದಕ್ಕೆ ಕಾರಣವೂ ಅದೇ. ನನಗೆ ಇಲ್ಲಿ ಯಾರ ಭಯವೂ ಇಲ್ಲ. ನನ್ನ ಹೆಸರಿನಿಂದ ಅವರ ಮನೆಯ ಬಾಗಿಲು ಹುಡುಕುವುದು ಕಷ್ಟವಲ್ಲ.

ಆದರೂ ವಿಡಿಯೊಗಳು ಬರುತ್ತವೆ. ಹೇಗೋ ಗಡಿ ದಾಟಿ, ಯಾವುದೋ ದೇಶದ ಯಾರದ್ದೋ ಫೋನಿನ ಮೂಲಕ ನಮ್ಮ ಕೈಗೆ ಬೀಳುತ್ತವೆ. ಆಗ ನಮ್ಮ ಕೆಲಸ ಶುರು. ಮೊದಲು ಇದು ನಿಜವಾ ಅಂತ ನೋಡಬೇಕು. ಹಳೆಯ ವಿಡಿಯೊಗೆ ಹೊಸ ದಿನಾಂಕ ಹಾಕಿ ಹರಿಬಿಡುವವರು ಇದ್ದಾರೆ. ಅಂಥದ್ದೊಂದನ್ನು ನಾವು ಹಂಚಿದರೆ, ಮುಂದೆ ನಾವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ. ಬೀಜಿಂಗ್‌ಗೆ ಬೇಕಾಗಿರುವುದೂ ಅದೇ.

ವಿಡಿಯೊದಲ್ಲಿ ಮಾತಾಡುವವರ ನುಡಿ ಕೇಳುತ್ತೇವೆ. ಖಾಮ್ ಕಡೆಯ ಮಾತು ಬೇರೆ, ಆಮ್ಡೊ ಮಾತು ಬೇರೆ, ಲ್ಹಾಸಾ ಮಾತು ಬೇರೆ. ನಮ್ಮ ಮಠಗಳಲ್ಲಿ ಎಲ್ಲ ಕಡೆಯ ಹಿರಿಯ ಭಿಕ್ಷುಗಳು ಇದ್ದಾರೆ. ಎರಡು ವಾಕ್ಯ ಕೇಳಿದರೆ ಸಾಕು, ಇದು ಇಂಥ ಕಣಿವೆಯ ಮಾತು ಅನ್ನುತ್ತಾರೆ. ಆಮೇಲೆ ಗಾಡಿಗಳ ನಂಬರ್ ಪ್ಲೇಟ್ ನೋಡುತ್ತೇವೆ. ಅದರ ಮೊದಲ ಅಕ್ಷರದಿಂದ ಸಿಚುವಾನ್ ಪ್ರಾಂತ್ಯದ್ದಾ, ಚಿಂಗ್‌ಹಾಯ್‌ನದ್ದಾ ಅಂತ ಗೊತ್ತಾಗುತ್ತದೆ. ಬೆಟ್ಟದ ಸಾಲನ್ನು ಉಪಗ್ರಹದ ನಕ್ಷೆಯ ಜೊತೆ ಹೋಲಿಸುತ್ತೇವೆ. ಮಠದ ಚಾವಣಿ, ಸೇತುವೆ, ನೆರಳು ಬಿದ್ದಿರುವ ದಿಕ್ಕು. ಹೊಲದಲ್ಲಿ ಹಿಮ ಇದೆಯಾ, ಬಾರ್ಲಿ ಹಸಿರಾಗಿದೆಯಾ. ಹೊಲ ನೋಡಿ ತಿಂಗಳು ಹೇಳುವುದರಲ್ಲಿ ಪೋಪೋಲಾಗೆ ಸಮಾನರೇ ಇರಲಿಲ್ಲ.

ನಿಜ ಅಂತ ಗಟ್ಟಿಯಾದ ಮೇಲೆ ಇನ್ನೊಂದು ಪ್ರಶ್ನೆ. ನನ್ನ ಮಟ್ಟಿಗೆ ಅದೇ ದೊಡ್ಡದು. ಇದನ್ನು ಹೊರಗೆ ಬಿಟ್ಟರೆ ಯಾರಿಗೆ ಪೆಟ್ಟು? ವಿಡಿಯೊ ತೆಗೆದವರು ಎಲ್ಲಿ ನಿಂತಿದ್ದರು ಅಂತ ಲೆಕ್ಕ ಹಾಕುತ್ತೇವೆ. ನೂರಾರು ಜನ ಇದ್ದ ರಸ್ತೆಯಾದರೆ ಸ್ವಲ್ಪ ನೆಮ್ಮದಿ. ಒಂದು ಮನೆಯ ಒಂದೇ ಕಿಟಕಿಯಿಂದ ಮಾತ್ರ ಕಾಣುವ ನೋಟವಾದರೆ ಅದನ್ನು ಬಿಡುವುದಿಲ್ಲ, ಎಷ್ಟೇ ಮುಖ್ಯವಾಗಿರಲಿ. ಮುಖಗಳನ್ನು ಅಳಿಸುತ್ತೇವೆ, ದನಿ ತೆಗೆಯುತ್ತೇವೆ. ಯಾವ ಫೋನು, ಯಾವ ಹೊತ್ತು ಅಂತ ಫೈಲ್ ಒಳಗೆ ಅಡಗಿರುವ ವಿವರಗಳನ್ನೂ ತೆಗೆಯುತ್ತೇವೆ. ಕೆಲವೊಮ್ಮೆ ವಾರಗಟ್ಟಲೆ ಕಾಯುತ್ತೇವೆ. ಕಾಯುವಾಗ ಹೊಟ್ಟೆ ಉರಿಯುತ್ತದೆ. ಜಗತ್ತು ನೋಡಬೇಕಾದದ್ದು ನಮ್ಮ ಪೆನ್‌ಡ್ರೈವ್‌ನಲ್ಲಿ ಕೂತಿರುತ್ತದೆ. ಆದರೂ ಕಾಯಬೇಕು.

2024ರ ಫೆಬ್ರವರಿಯಲ್ಲಿ ಖಾಮ್‌ನ ಡೆರ್ಗೆಯಿಂದ ಬಂದ ವಿಡಿಯೊಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಡ್ರಿಚು ನದಿಗೆ, ಅಂದರೆ ಯಾಂಗ್ಟ್ಸಿಯ ಮೇಲ್ಭಾಗಕ್ಕೆ, ಕಾಮ್‌ಟೊಕ್ ಅನ್ನುವ ಅಣೆಕಟ್ಟು ಕಟ್ಟುವ ಯೋಜನೆ. ಕಟ್ಟಿದರೆ ಹಳ್ಳಿಗಳು ಮುಳುಗುತ್ತವೆ. ನೂರಾರು ವರ್ಷ ಹಳೆಯ ಭಿತ್ತಿಚಿತ್ರಗಳಿರುವ ವೊಂಟೊ ಮಠ ಮುಳುಗುತ್ತದೆ. ಭಿಕ್ಷುಗಳು ಅಧಿಕಾರಿಗಳ ಮುಂದೆ ಮಂಡಿಯೂರಿ ಬೇಡಿಕೊಳ್ಳುತ್ತಿದ್ದರು. ನೂರಾರು ಜನರನ್ನು ಹಿಡಿದುಕೊಂಡು ಹೋದರು. ಮುಳುಗಡೆ ಅಂದರೇನು ಅಂತ ಬಾಗಲಕೋಟೆಯವರಿಗೆ ನಾನು ಹೇಳಬೇಕಿಲ್ಲ. ಅಲ್ಲಿಯ ಜನ ಊರು, ಹೊಲ, ಗುಡಿ ಎಲ್ಲ ಕಳೆದುಕೊಂಡರು. ಆದರೆ ಅವರು ಧರಣಿ ಕೂರಬಹುದಿತ್ತು, ಪರಿಹಾರ ಸಾಲದು ಅಂತ ಕೋರ್ಟಿಗೆ ಹೋಗಬಹುದಿತ್ತು, ಪೇಪರಿನಲ್ಲಿ ಬರೆಸಬಹುದಿತ್ತು. ಡೆರ್ಗೆಯ ಭಿಕ್ಷುಗಳಿಗೆ ಇದ್ದದ್ದು ಮಂಡಿಯೂರುವ ದಾರಿ ಒಂದೇ. ಅದಕ್ಕೂ ಜೈಲು. ಪ್ರಜಾಪ್ರಭುತ್ವ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಈ ಎರಡು ಮುಳುಗಡೆಗಳ ಕಥೆ ಹೇಳುತ್ತೇನೆ.

ಒಳಗಿರುವವರು ತಾವೇ ಮುಂದೆ ಬಂದು ಮುಖ ತೋರಿಸಿ ಮಾತಾಡಿದರೆ? ಟಾಶಿ ವಾಂಗ್‌ಚುಕ್ ಅನ್ನುವ ಒಬ್ಬ ಅಂಗಡಿಯಾತ ಹಾಗೆ ಮಾಡಿದರು. ಶಾಲೆಯಲ್ಲಿ ಟಿಬೆಟನ್ ಭಾಷೆ ಸರಿಯಾಗಿ ಕಲಿಸಿ ಅಂತ ಕೇಳಲು ಬೀಜಿಂಗ್‌ಗೆ ಹೋದರು, ಒಂದು ಅಮೆರಿಕನ್ ಪತ್ರಿಕೆಯ ಕ್ಯಾಮೆರಾ ಮುಂದೆ ಹೆಸರು ಸಮೇತ ಮಾತಾಡಿದರು. ಕೇಳಿದ್ದು ಚೀನಾದ ಕಾನೂನಿನಲ್ಲೇ ಇರುವ ಹಕ್ಕು. 2016ರ ಜನವರಿಯಲ್ಲಿ ಅವರನ್ನು ಬಂಧಿಸಿದರು. ಪ್ರತ್ಯೇಕತೆಗೆ ಕುಮ್ಮಕ್ಕು ಕೊಟ್ಟರು ಅಂತ 5 ವರ್ಷ ಜೈಲು. 2021ರ ಜನವರಿಯಲ್ಲಿ ಬಿಡುಗಡೆಯಾದರು. ಅವರ ಹೆಸರನ್ನು ನಾವು ಧೈರ್ಯವಾಗಿ ಹೇಳುತ್ತೇವೆ. ಹೇಳಿ ಅಂತಲೇ ಅವರು ಮುಖ ತೋರಿಸಿದ್ದು. ಹೆಸರು ಹೇಳುವುದು ಅಥವಾ ಮುಚ್ಚಿಡುವುದು ಒಳಗಿರುವವರ ಆಯ್ಕೆ. ಹೊರಗೆ ಸುರಕ್ಷಿತವಾಗಿ ಕೂತ ನಮಗೆ ಆ ಹಕ್ಕಿಲ್ಲ. 2009ರಿಂದ ಟಿಬೆಟ್ ಒಳಗೆ 150ಕ್ಕೂ ಹೆಚ್ಚು ಜನ ಪ್ರತಿಭಟನೆಯಾಗಿ ಮೈಗೆ ಬೆಂಕಿ ಹಚ್ಚಿಕೊಂಡಿದ್ದಾರೆ. ಆ ಹೆಸರುಗಳನ್ನು ಪ್ರತಿ ಮಾರ್ಚ್ 10ರಂದು ಓದುತ್ತೇವೆ. ಅವರ ಮನೆಯವರ ಹೆಸರು ಎಂದಿಗೂ ಓದುವುದಿಲ್ಲ.

ಕಂಪ್ಯೂಟರ್ ಕಡೆಯ ಕೆಲಸವೂ ಇದಕ್ಕೇ ಸೇರಿದ್ದು. 2009ರಲ್ಲಿ ಟೊರಾಂಟೊದ ಸಂಶೋಧಕರು ಒಂದು ದೊಡ್ಡ ಬೇಹುಗಾರಿಕೆ ಜಾಲ ಪತ್ತೆ ಮಾಡಿದರು. 103 ದೇಶಗಳ 1,295 ಕಂಪ್ಯೂಟರ್‌ಗಳು ಅದರಲ್ಲಿ ಸಿಕ್ಕಿಬಿದ್ದಿದ್ದವು. ದೇಶ ಬಿಟ್ಟು ಬಂದ ನಾವು ಹಿಮಾಚಲದ ಧರ್ಮಶಾಲಾದಲ್ಲಿ ನಡೆಸುವ ಆಡಳಿತದ ಕಚೇರಿಗಳ ಕಂಪ್ಯೂಟರ್‌ಗಳೂ ಇದ್ದವು. ಒಳನುಗ್ಗಿದ್ದು ಇಮೇಲ್ ಫೈಲ್‌ಗಳ ಮೂಲಕ. ನಮ್ಮವರ ಹೆಸರಿನಲ್ಲೇ, ನಮ್ಮದೇ ಕಾರ್ಯಕ್ರಮದ ಆಮಂತ್ರಣದಂತೆ ಬರುತ್ತವೆ. ತೆರೆದರೆ ಮುಗಿಯಿತು. ಹಾಗಾಗಿ ನಾವು ಮಠಗಳಿಗೆ, ಶಾಲೆಗಳಿಗೆ, ವೃದ್ಧಾಶ್ರಮಕ್ಕೂ ಹೋಗಿ ಹೇಳಿಕೊಡುತ್ತೇವೆ. ಫೈಲ್ ಕಳಿಸುವ ಮುಂಚೆ ಫೋನ್ ಮಾಡಿ. ಫೈಲ್ ಬಂದರೆ ಕಳಿಸಿದವರನ್ನು ಕೇಳಿ. ಪಾಸ್‌ವರ್ಡ್ ಒಂದೇ ಸಾಲದು, ಎರಡನೇ ಬೀಗವೂ ಹಾಕಿ. ಐವತ್ತು ದಾಟಿದ ಭಿಕ್ಷುಗಳು ಇದನ್ನು ಹುಡುಗರಿಗಿಂತ ಚೆನ್ನಾಗಿ ಪಾಲಿಸುತ್ತಾರೆ. ಶಿಸ್ತು ಅವರಿಗೆ ಹೊಸದಲ್ಲ.

ಇನ್ನೊಂದು ಕೆಲಸ ಮತದಾನದ್ದು. ಹೊರಗಿನವರಿಗೆ ಇದು ಆಶ್ಚರ್ಯ. ದೇಶವೇ ಇಲ್ಲದವರಿಗೆ ಚುನಾವಣೆ ಯಾಕೆ ಅಂತ ಕೇಳುತ್ತಾರೆ.

1960ರ ಸೆಪ್ಟೆಂಬರ್ 2ರಂದು ಬೋಧಗಯಾದಲ್ಲಿ ನಮ್ಮ ಮೊದಲ 13 ಪ್ರತಿನಿಧಿಗಳು ಪ್ರಮಾಣ ಮಾಡಿದರು. ದೇಶ ಬಿಟ್ಟು ಬಂದು ಒಂದೂವರೆ ವರ್ಷವೂ ಆಗಿರಲಿಲ್ಲ. ರಸ್ತೆ ಕೆಲಸ ಮಾಡಿಕೊಂಡು ಟೆಂಟಿನಲ್ಲಿದ್ದ ಜನ ಅವರು. 1963ರಲ್ಲಿ ದಲೈ ಲಾಮಾ ಒಂದು ಸಂವಿಧಾನ ಹೊರಡಿಸಿದರು. ಅದರಲ್ಲಿ ಬೇಕಾದರೆ ತಮ್ಮ ಅಧಿಕಾರವನ್ನೇ ಮೂರನೇ ಎರಡು ಬಹುಮತದಿಂದ ಕಿತ್ತುಕೊಳ್ಳಬಹುದು ಅಂತ ತಾವೇ ಸೇರಿಸಿದರು. ಜನ ಬೇಡ ಅಂದರು. ಅವರು ಒಪ್ಪಲಿಲ್ಲ. 2001ರಿಂದ ನಮ್ಮ ಆಡಳಿತದ ಮುಖ್ಯಸ್ಥರನ್ನು ನಾವೇ ನೇರವಾಗಿ ಆರಿಸುತ್ತೇವೆ. 2011ರಲ್ಲಿ ದಲೈ ಲಾಮಾ ರಾಜಕೀಯ ಅಧಿಕಾರವನ್ನು ಪೂರ್ತಿ ಬಿಟ್ಟುಕೊಟ್ಟರು. ಆಡಳಿತದ ಮುಖ್ಯಸ್ಥರ ಹುದ್ದೆಗೆ ಈಗ ಸಿಕ್ಯೊಂಗ್ ಅನ್ನುತ್ತೇವೆ. 2021ರಲ್ಲಿ ಗೆದ್ದ ಪೆನ್ಪಾ ತ್ಸೆರಿಂಗ್ ಅವರು ಹುಟ್ಟಿದ್ದು ಬೈಲಕುಪ್ಪೆಯಲ್ಲೇ. ಅವರು ಗೆದ್ದ ದಿನ ನಮ್ಮ ಕ್ಯಾಂಪಿನಲ್ಲಿ ಹಬ್ಬ.

ನನ್ನ ಕೆಲಸ ಮತದಾರರ ಪಟ್ಟಿ. 18 ತುಂಬಿರಬೇಕು, ಕೈಯಲ್ಲಿ ನಮ್ಮ ಆಡಳಿತ ಕೊಡುವ ಹಸಿರು ಪುಸ್ತಕ ಇರಬೇಕು, ಅದರಲ್ಲಿ ವರ್ಷದ ಕಾಣಿಕೆ ಕಟ್ಟಿದ ಗುರುತು ಇರಬೇಕು. ಈ ಕಾಣಿಕೆಗೆ ಚತ್ರೆಲ್ ಅಂತ ಹೆಸರು. ಚಳಿಗಾಲ ಬಂತೆಂದರೆ ನಮ್ಮ ಅರ್ಧ ಜನ ಸ್ವೆಟರ್ ಮಾರಲು ಊರೂರು ಹೋಗಿರುತ್ತಾರೆ. ನೋಂದಣಿಯ ಕೊನೆಯ ದಿನ ಅಷ್ಟರಲ್ಲೇ ಬಿದ್ದರೆ, ಬೀದಿ ಬದಿಯ ಸ್ವೆಟರ್ ಅಂಗಡಿಗಳಿಗೇ ಹೋಗಿ ಪುಸ್ತಕ ನೋಡುತ್ತೇವೆ. ಅದಕ್ಕಿಂತ ಕಷ್ಟ ಮನವೊಲಿಸುವುದು. ಒಬ್ಬ ಮೋಮೋಲಾ, ಅಂದರೆ ಅಜ್ಜಿ, ನನಗೆ ಹೇಳಿದ್ದರು, "ಗ್ಯಾಲ್ವಾ ರಿನ್ಪೊಚೆ ಇರುವಾಗ ನಾನು ಯಾಕೆ ಮಗಾ ಓಟು ಹಾಕಬೇಕು? ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಾ?" ಗ್ಯಾಲ್ವಾ ರಿನ್ಪೊಚೆ ಅಂದರೆ ದಲೈ ಲಾಮಾ. ಅಜ್ಜಿಯ ಭಕ್ತಿಗೆ ಎದುರು ವಾದ ಮಾಡಲಿಲ್ಲ. "ಮೋಮೋಲಾ, ಓಟು ಹಾಕಿ ಅಂತ ಗ್ಯಾಲ್ವಾ ರಿನ್ಪೊಚೆಯವರೇ ಹೇಳಿದ್ದಾರಲ್ಲ" ಅಂದೆ. ಕೋಲು ಹಿಡಿದು ಬಂದು ಹಾಕಿದರು. ಯಾರಿಗೆ ಹಾಕಿದೆ ಅಂತ ಮಗನಿಗೂ ಹೇಳಲಿಲ್ಲ. ಅದು ಗುಟ್ಟು ಅಂತ ನಾವೇ ಹೇಳಿಕೊಟ್ಟಿದ್ದೆವು.

ನಮ್ಮ ವ್ಯವಸ್ಥೆಯಲ್ಲಿ ಕೊರತೆ ಇಲ್ಲ ಅಂತಲ್ಲ. ನಮ್ಮ ಸಂಸತ್ತಿನಲ್ಲಿ 45 ಸ್ಥಾನ. ಉತ್ಸಾಂಗ್, ಖಾಮ್, ಆಮ್ಡೊ ಅಂತ ಮೂರು ಪ್ರಾಂತ್ಯಗಳಿಗೆ ತಲಾ 10. ಐದು ಧಾರ್ಮಿಕ ಪರಂಪರೆಗಳಿಗೆ ತಲಾ 2. ಉಳಿದ 5 ಹೊರದೇಶಗಳಲ್ಲಿ ಇರುವವರಿಗೆ. ಹೀಗಾಗಿ ಭಿಕ್ಷುಗಳು, ಭಿಕ್ಷುಣಿಯರು ಪ್ರಾಂತ್ಯಕ್ಕೊಂದು, ಪರಂಪರೆಗೊಂದು ಅಂತ ಎರಡು ಕಡೆ ಮತ ಹಾಕುತ್ತಾರೆ. ನಮ್ಮಂಥವರಿಗೆ ಒಂದೇ ಕಡೆ. ಇದು ಬದಲಾಗಬೇಕು ಅಂತ ನಾನು ಸಭೆಗಳಲ್ಲಿ ಹೇಳುತ್ತೇನೆ. ಮಠದ ಗೆಳೆಯರು ಒಪ್ಪುವುದಿಲ್ಲ. ಯಾರು ಯಾವ ಪ್ರಾಂತ್ಯ ಅನ್ನುವ ಜಗಳ ಚುನಾವಣೆ ಸಮಯದಲ್ಲಿ ಜಾಸ್ತಿಯಾಗುತ್ತದೆ. ಫೇಸ್‌ಬುಕ್‌ನಲ್ಲಿ ನೋಡಲಾಗದಂಥ ಮಾತು ಬರುತ್ತವೆ. 2021ರಲ್ಲಿ ಪ್ರಮಾಣ ವಚನ ಯಾರ ಮುಂದೆ, ಹೇಗೆ ಅನ್ನುವ ವಿವಾದದಲ್ಲಿ ಸಂಸತ್ತು ತಿಂಗಳುಗಟ್ಟಲೆ ಸೇರಲೇ ಇಲ್ಲ. ಬೀಜಿಂಗ್ ಇದನ್ನು ನೋಡಿ ನಗುತ್ತದೆ, ಮುಚ್ಚಿಡಿ ಅನ್ನುವವರು ನಮ್ಮಲ್ಲಿ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬಹಿರಂಗವಾಗಿ ಜಗಳವಾಡಿ, ಓಟು ಹಾಕಿ, ಸೋತವರು ಮನೆಗೆ ಹೋಗುವುದನ್ನು ನಾವು ಇಲ್ಲಿ ರೂಢಿ ಮಾಡಿಕೊಳ್ಳದಿದ್ದರೆ, ಅಲ್ಲಿ ಯಾವ ಬಾಯಲ್ಲಿ ಕೇಳುವುದು?

ಚೀನೀ ಜನರ ಮೇಲೆ ನಮಗೆ ದ್ವೇಷ ಇಲ್ಲ ಅನ್ನುವುದನ್ನೂ ಹೇಳಬೇಕು. 2008ರಲ್ಲಿ ಟಿಬೆಟ್‌ನಲ್ಲಿ ಗುಂಡು ಹಾರಿದಾಗ ಚೀನಾದೊಳಗಿನ ಕೆಲವು ಬುದ್ಧಿಜೀವಿಗಳು ತಮ್ಮ ಸರ್ಕಾರಕ್ಕೆ ಬಹಿರಂಗ ಪತ್ರ ಬರೆದರು. ಅದಕ್ಕೆ ಸಹಿ ಹಾಕಿದವರಲ್ಲಿ ಲಿಯು ಶಿಯಾವೊಬೊ ಕೂಡ ಒಬ್ಬರು. ಮುಂದೆ ಅವರಿಗೆ ಶಾಂತಿ ನೊಬೆಲ್ ಬಂತು. 2017ರಲ್ಲಿ ಬಂಧನದಲ್ಲೇ ತೀರಿಕೊಂಡರು. 2022ರ ನವೆಂಬರ್‌ನಲ್ಲಿ ಚೀನಾದ ಹುಡುಗ ಹುಡುಗಿಯರು ಖಾಲಿ ಬಿಳಿ ಹಾಳೆ ಹಿಡಿದು ಬೀದಿಗೆ ಬಂದಾಗ ನಾವು ರಾತ್ರಿಯಿಡೀ ನಿದ್ದೆ ಬಿಟ್ಟು ನೋಡಿದೆವು. ಆಮೇಲೆ ವಿದೇಶದಲ್ಲಿರುವ ಅಂಥ ಕೆಲವು ವಿದ್ಯಾರ್ಥಿಗಳ ಜೊತೆ ಆನ್‌ಲೈನ್‌ನಲ್ಲಿ ಮಾತಾಡಿದ್ದೇವೆ. ಅವರೂ ಮುಖ ತೋರಿಸುವುದಿಲ್ಲ. ಅವರಿಗೂ ಊರಲ್ಲಿ ಅಪ್ಪ ಅಮ್ಮ ಇದ್ದಾರೆ.

ಬೀದಿಯ ಪ್ರತಿಭಟನೆಗೆ ಮಿತಿಗಳಿವೆ. ಭಾರತದಲ್ಲಿ 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಹುಟ್ಟಿದ ಟಿಬೆಟನ್ನರಿಗೆ ಕಾನೂನು ಪ್ರಕಾರ ಪೌರತ್ವ ಇದೆ. ನಾನು ಆಮೇಲೆ ಹುಟ್ಟಿದವರ ಸಾಲಿನಲ್ಲಿ ಬರುತ್ತೇನೆ. ನನ್ನ ಹತ್ತಿರ ಇರುವುದು ಆರ್‌ಸಿ, ವಿದೇಶಿಯರ ನೋಂದಣಿ ಪತ್ರ. ಅದನ್ನು ಆಗಾಗ ನವೀಕರಿಸಬೇಕು. ಒಂದು ಪೊಲೀಸ್ ಕೇಸ್ ಬಿದ್ದರೆ ಓದು, ಕೆಲಸ, ವಿದೇಶ ಪ್ರಯಾಣ ಎಲ್ಲಕ್ಕೂ ತೊಡಕು. ಅದಕ್ಕೇ ಪ್ರತಿ ಮೆರವಣಿಗೆಗೂ ಮೊದಲೇ ಅನುಮತಿ ತೆಗೆದುಕೊಳ್ಳುತ್ತೇವೆ. ಎಷ್ಟು ಜನ, ಯಾವ ದಾರಿ, ಯಾವ ಘೋಷಣೆ ಅಂತ ಬರೆದು ಕೊಡುತ್ತೇವೆ. 2005ರಲ್ಲಿ ಚೀನಾದ ಪ್ರಧಾನಿ ವೆನ್ ಜಿಯಾಬಾವೊ ಬೆಂಗಳೂರಿಗೆ ಬಂದಿದ್ದಾಗ ನಮ್ಮವರೊಬ್ಬರು ಟಾಟಾ ಇನ್‌ಸ್ಟಿಟ್ಯೂಟ್‌ನ ಗೋಪುರ ಹತ್ತಿ ಬ್ಯಾನರ್ ಇಳಿಬಿಟ್ಟಿದ್ದರು. ಆಗ ನಾನು ಚಿಕ್ಕವಯಸ್ಸು. ಟೀವಿಯಲ್ಲಿ ನೋಡಿ ಕುಣಿದಿದ್ದೆ. ಅಂಥ ಧೈರ್ಯ ಬೇಕು. ಆದರೆ ಗುಂಪನ್ನು ಕರೆದುಕೊಂಡು ಹೋಗುವಾಗ ಬೇರೆ ಲೆಕ್ಕ. ಹದಿನೆಂಟರ ಹುಡುಗಿಯ ಆರ್‌ಸಿ ಬಗ್ಗೆಯೂ ನಾನೇ ಯೋಚಿಸಬೇಕು.

ಈಗ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಜಾಗ ಅಂದರೆ ಫ್ರೀಡಂ ಪಾರ್ಕ್. ಹಿಂದೆ ಅದು ಸೆಂಟ್ರಲ್ ಜೈಲು. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದು ಅಲ್ಲೇ. ಸ್ನೇಹಲತಾ ರೆಡ್ಡಿ ಅಲ್ಲಿ ಕಾಯಿಲೆಯಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ನಮ್ಮ ಹುಡುಗರಿಗೆ ನಾನು ಆ ಕಥೆ ಅಲ್ಲೇ ನಿಂತು ಹೇಳುತ್ತೇನೆ. ಈ ದೇಶದಲ್ಲೂ ಮಾತು ನಿಂತಿತ್ತು, 21 ತಿಂಗಳಲ್ಲಿ ಜನ ಓಟು ಹಾಕಿ ವಾಪಸ್ ತಂದರು ಅಂತ.

ಕಾಲೇಜುಗಳಲ್ಲಿ ಕನ್ನಡದಲ್ಲಿ ಮಾತಾಡುವುದು ನನಗೆ ತುಂಬ ಇಷ್ಟದ ಕೆಲಸ. ಮೈಸೂರು, ಹಾಸನ, ಶಿರಸಿ ಕಡೆ ಹೋಗಿದ್ದೇನೆ. ಇಂಗ್ಲಿಷಿನಲ್ಲಿ ಮಾತಾಡಿದರೆ ಚಪ್ಪಾಳೆ ಬರುತ್ತದೆ. ಕನ್ನಡದಲ್ಲಿ ಮಾತಾಡಿದರೆ ಪ್ರಶ್ನೆ ಬರುತ್ತವೆ. "ಅಕ್ಕಾ, ನೀವು ವಾಪಸ್ ಹೋಗ್ತೀರಾ?" ಅನ್ನುವುದು ಎಲ್ಲ ಕಡೆ ಕೇಳುವ ಪ್ರಶ್ನೆ. ಹೋಗುವ ಅವಕಾಶ ಬಂದರೆ ಹೋಗುತ್ತೇನೆ, ರಜಕ್ಕೆ ಕರ್ನಾಟಕಕ್ಕೆ ಬರುತ್ತೇನೆ ಅನ್ನುತ್ತೇನೆ. ಅದು ನಿಜವೂ ಹೌದು.

ನಾನು ಅಲ್ಲಿ ಒತ್ತಿ ಹೇಳುವುದು ಮಕ್ಕಳ ಬಗ್ಗೆ. ಸುಮಾರು 10 ಲಕ್ಷ ಟಿಬೆಟನ್ ಮಕ್ಕಳು ಮನೆಯಿಂದ ದೂರ, ಸರ್ಕಾರಿ ವಸತಿ ಶಾಲೆಗಳಲ್ಲಿ, ಹೆಚ್ಚಾಗಿ ಚೀನೀ ಭಾಷೆಯಲ್ಲಿ ಓದುತ್ತಿದ್ದಾರೆ ಅಂತ 2023ರಲ್ಲಿ ವಿಶ್ವಸಂಸ್ಥೆಯ ತಜ್ಞರು ಹೇಳಿದರು. ರಜೆಗೆ ಮನೆಗೆ ಬಂದ ಮೊಮ್ಮಗು ಅಜ್ಜಿಯ ಮಾತಿಗೆ ಚೀನೀ ಭಾಷೆಯಲ್ಲಿ ಉತ್ತರ ಕೊಡುತ್ತದೆ. ಇದನ್ನು ಹೇಳಿದಾಗ ಹಾಲ್‌ನಲ್ಲಿ ಗದ್ದಲ ನಿಲ್ಲುತ್ತದೆ. ಗೋಕಾಕ್ ಚಳವಳಿ ಕಂಡ ಮೇಷ್ಟ್ರುಗಳು ಎದ್ದು ಮಾತಾಡುತ್ತಾರೆ. ರಾಜ್‌ಕುಮಾರ್ ಅವರೇ ಬೀದಿಗಿಳಿದದ್ದು, ಊರೂರಲ್ಲಿ ಜನ ಸೇರಿದ್ದು ಎಲ್ಲ ಹೇಳುತ್ತಾರೆ. ಶಾಲೆಯಲ್ಲಿ ತಮ್ಮ ಭಾಷೆ ಬೇಕು ಅಂತ ಲಕ್ಷಾಂತರ ಜನ ಕೂಗಿದರೂ ಯಾರೂ ದೇಶದ್ರೋಹಿ ಆಗಲಿಲ್ಲ, ಅಲ್ವಾ? ಟಾಶಿ ವಾಂಗ್‌ಚುಕ್ ಕೇಳಿದ್ದೂ ಅಷ್ಟೇ.

ದಲೈ ಲಾಮಾ ನಂತರದ ದೊಡ್ಡ ಗುರು ಪಂಚೆನ್ ಲಾಮಾ ಅವರ ವಿಷಯವೂ ಬರುತ್ತದೆ. ಗೆಧುನ್ ಚೊಯ್ಕಿ ನ್ಯಿಮಾ ಅನ್ನುವ 6 ವರ್ಷದ ಹುಡುಗನನ್ನು ದಲೈ ಲಾಮಾ 1995ರ ಮೇ 14ರಂದು ಪಂಚೆನ್ ಲಾಮಾ ಅಂತ ಗುರುತಿಸಿದರು. 17ರಂದು ಚೀನಾ ಸರ್ಕಾರ ಹುಡುಗನನ್ನೂ ಮನೆಯವರನ್ನೂ ಕರೆದೊಯ್ದಿತು. ಅವತ್ತಿನಿಂದ ಹೊರಗಿನ ಯಾರೂ ಅವರನ್ನು ನೋಡಿಲ್ಲ. ಅವರ ಪೀಠವಾದ ಟಾಶಿ ಲ್ಹುನ್ಪೊ ಮಠವನ್ನು ನಮ್ಮವರು ಬೈಲಕುಪ್ಪೆಯಲ್ಲೇ ಮತ್ತೆ ಕಟ್ಟಿದ್ದಾರೆ. ಮುಂದಿನ ಸಲ ಬಂದಾಗ ಗೋಲ್ಡನ್ ಟೆಂಪಲ್ ಜೊತೆ ಅಲ್ಲಿಗೂ ಹೋಗಿ ಬನ್ನಿ. 2007ರಲ್ಲಿ ಬೀಜಿಂಗ್ ಒಂದು ಆದೇಶ ಹೊರಡಿಸಿತು. ಯಾವ ಲಾಮಾ ಮರುಹುಟ್ಟು ಪಡೆಯಬೇಕಾದರೂ ಸರ್ಕಾರದ ಒಪ್ಪಿಗೆ ಬೇಕಂತೆ. ದೇವರನ್ನೇ ನಂಬದ ಪಕ್ಷ ಬರೆದ ಆದೇಶ. 2025ರ ಜುಲೈನಲ್ಲಿ ದಲೈ ಲಾಮಾಗೆ 90 ತುಂಬುವ ಹೊತ್ತಿಗೆ ಅವರು ಸ್ಪಷ್ಟವಾಗಿ ಹೇಳಿದರು. ಈ ಪರಂಪರೆ ಮುಂದುವರಿಯುತ್ತದೆ, ಮುಂದಿನವರನ್ನು ಗುರುತಿಸುವ ಹಕ್ಕು ತಮ್ಮ ಗಾದೆನ್ ಫೋಡ್ರಾಂಗ್ ಟ್ರಸ್ಟ್‌ಗೆ ಮಾತ್ರ ಅಂತ. ಈಗ ನಮ್ಮ ಮಾತುಗಳಲ್ಲಿ ಅರ್ಧ ಸಮಯ ಇದನ್ನು ವಿವರಿಸುವುದಕ್ಕೇ ಹೋಗುತ್ತದೆ.

ಹಣದ ಕಷ್ಟ ಯಾವತ್ತೂ ಇದ್ದದ್ದೇ. 2025ರಲ್ಲಿ ಅಮೆರಿಕ ಸರ್ಕಾರ ನೆರವು ನಿಲ್ಲಿಸಿದ ಮೇಲೆ ಟಿಬೆಟನ್ ರೇಡಿಯೊ ಕಾರ್ಯಕ್ರಮಗಳಿಗೆ ದೊಡ್ಡ ಹೊಡೆತ ಬಿತ್ತು. ಅದಕ್ಕಿಂತ ನನಗೆ ಚಿಂತೆ ಜನರದ್ದು. ನನ್ನ ಜೊತೆ ಓದಿದವರಲ್ಲಿ ಹೆಚ್ಚಿನವರು ಕೆನಡಾ, ಅಮೆರಿಕ, ಯುರೋಪ್ ಸೇರಿದ್ದಾರೆ. ಹೋಗಬೇಡಿ ಅನ್ನಲು ನಾನು ಯಾರು? ಆರ್‌ಸಿ ಹಿಡಿದು ಬದುಕುವ ಕಷ್ಟ ನನಗೂ ಗೊತ್ತು. ಹೋದವರು ಅಲ್ಲಿಂದ ತಮ್ಮ ಸಂಸದರಿಗೆ ಪತ್ರ ಬರೆಯುತ್ತಾರೆ, ರಾತ್ರಿ ಕೂತು ವಿಡಿಯೊ ಪರಿಶೀಲಿಸುತ್ತಾರೆ. ನಮಗೆ ಬೆಳಗಾಗುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ.

ಕೊನೆಗೆ ಕನ್ನಡಿಗರಲ್ಲಿ ಒಂದು ಕೋರಿಕೆ. ಕೈಲಾಸ ಮಾನಸ ಸರೋವರ ಯಾತ್ರೆ ಐದು ವರ್ಷ ನಿಂತಿದ್ದು 2025ರಲ್ಲಿ ಮತ್ತೆ ಶುರುವಾಗಿದೆ. ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಆ ಬೆಟ್ಟ ನಮಗೂ ಪವಿತ್ರ, ನಾವು ಗಂಗ್ ರಿನ್ಪೊಚೆ ಅನ್ನುತ್ತೇವೆ. ನಮಗೆ ಹೋಗಲು ಆಗುವುದಿಲ್ಲ, ನೀವು ಹೋಗಿ ಬನ್ನಿ. ಹೋಗುವಾಗ ದಲೈ ಲಾಮಾ ಫೋಟೊ ಒಯ್ಯಬೇಡಿ, ಪ್ರೀತಿಯಿಂದಲೂ ಯಾರಿಗೂ ಕೊಡಬೇಡಿ. ಸಿಕ್ಕಿಬಿದ್ದರೆ ನಿಮ್ಮನ್ನು ವಾಪಸ್ ಕಳಿಸುತ್ತಾರೆ, ತೆಗೆದುಕೊಂಡವರನ್ನು ಜೈಲಿಗೆ ಕಳಿಸುತ್ತಾರೆ. ಯಾಕ್ ಹಿಡಿದು ನಡೆಸುವವರನ್ನು, ಗೈಡ್‌ಗಳನ್ನು ರಾಜಕೀಯದ ಬಗ್ಗೆ ಕೇಳಬೇಡಿ. ಅವರು ನಕ್ಕು ಸುಮ್ಮನಾದರೆ ಅರ್ಥ ಮಾಡಿಕೊಳ್ಳಿ. ಕಣ್ಣಿಗೆ ಕಂಡದ್ದನ್ನು ನೆನಪಿಟ್ಟುಕೊಳ್ಳಿ. ಅಂಗಡಿಯ ಬೋರ್ಡಿನಲ್ಲಿ ಯಾವ ಭಾಷೆ ದೊಡ್ಡದಾಗಿದೆ, ದಾರಿಯಲ್ಲಿ ಎಷ್ಟು ಕಡೆ ತಪಾಸಣೆ, ಮಕ್ಕಳು ಆಟವಾಡುವಾಗ ಯಾವ ಮಾತು ಆಡುತ್ತಾರೆ. ಊರಿಗೆ ಬಂದ ಮೇಲೆ ಅದನ್ನು ಕನ್ನಡದಲ್ಲಿ ಬರೆಯಿರಿ. ಫೋಟೊ ಹಾಕುವ ಮುಂಚೆ ಅಲ್ಲಿನವರ ಮುಖ ಅಳಿಸಿ. ಹೇಗೆ ಅಂತ ಗೊತ್ತಿಲ್ಲದಿದ್ದರೆ ಬೈಲಕುಪ್ಪೆಗೆ ಬನ್ನಿ, ನಾವು ಹೇಳಿಕೊಡುತ್ತೇವೆ.